ಗಾದಿ ಹೊಲಿಯುವ ಇಮಾಮಸಾಬರ ರಿಪೋರ್ಟು

ನಮ್ಮ ಹೊಟ್ಟೆಯೊಳಗಿನದನ್ನೂ ಮನಸ್ಸಿನೊಳಗಿನದನ್ನೂ ಬಲ್ಲ ಭಗವಂತನಿಗೆ ಮೊದಲು ಶರಣು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಅಲ್ಲಿನ ಒಂದು ದವಾಖಾನೆಯಲ್ಲಿ ನರ್ಸ್. ಮುಳಗುಂದದಲ್ಲಿ ಗಾದಿ ಹೊಲಿಯುವ ಇಮಾಮಸಾಬರು ಉಬ್ಬಿದ ಹೊಟ್ಟೆ ಹೊತ್ತು ಬರುತ್ತಿದ್ದರು. ಅವರ ಲಿವರ್ ಗಟ್ಟಿಯಾಗಿತ್ತು. ಸೆರೆ ಕುಡಿದೇ ಹೀಗಾಯಿತೆಂದು ಊರೆಲ್ಲ ಆಡಿತು. ಹೆಂಡತಿ ಮಾಬೂಬಿ ಜೊತೆಗೆ ಬರುತ್ತಿದ್ದಳು, ಆದರೆ ಊರಿನ ಮಾತು ನಂಬಿ ಆರು ತಿಂಗಳಿಂದ ಅವರೊಡನೆ ಮಾತು ಬಿಟ್ಟಿದ್ದಳು. ನಾನೂ ಪ್ರತಿ ಸಲ ಕೇಳುತ್ತಿದ್ದೆ, "ಚಾಚಾ, ಕುಡಿಯೋದು ಬಿಟ್ರಿ?"

"ಹಿಡದಿದ್ರ ಬಿಡಬೇಕಲ್ರಿ ಅಕ್ಕಾರ," ಎನ್ನುತ್ತಿದ್ದರು ತಣ್ಣಗೆ.

ಕೊನೆಗೆ ರಕ್ತದ ರಿಪೋರ್ಟು ಬಂತು. ಅದು ಹೆಪಟೈಟಿಸ್ ಸಿ, ರಕ್ತದಿಂದ ರಕ್ತಕ್ಕೆ ಹರಡುವ ಲಿವರ್ ರೋಗ. ಸುಗ್ಗಿ ಮುಗಿದಾಗ ದಣಿವಿಗೆಂದು ಓಣಿಯವರೆಲ್ಲ ಒಂದೇ ಸೂಜಿಯಲ್ಲಿ ಚುಚ್ಚಿಸಿಕೊಳ್ಳುತ್ತಿದ್ದ 'ತಾಕತ್ತಿನ ಇಂಜೆಕ್ಷನ್'ನಿಂದ ಬಂದಿರಬೇಕು ಎಂದರು ಡಾಕ್ಟರು. ಈಗಿನಂಥ ಗುಳಿಗೆಗಳು ಆಗ ಇರಲಿಲ್ಲ. ವಾಸಿಯಾಗುವುದು ಕಷ್ಟವೆಂದೂ ಹೇಳಿದರು.

ಇಮಾಮಸಾಬರ ಮುಖ ಅರಳಿತು. "ಹಂಗಾರ ಸೆರೆ ಕುಡದು ಬಂದದ್ದಲ್ಲ ಅಂತಾತು. ಇದನ್ನ ಆಕಿಗೆ ಓದಿ ಹೇಳ್ರಿ ಅಕ್ಕಾರ, ನನ್ನ ಮಾತು ನಂಬಾಂಗಿಲ್ಲ."

ಅವರನ್ನೂ ಕರೆದುಕೊಂಡು ಹೊರಗೆ ಹೋಗಿ ಆಕೆಗೆ ಓದಿ ಹೇಳಿದೆ. ಮಾಬೂಬಿ ಗಂಡನ ಕಡೆ ತಿರುಗಿ, "ಆ ಸೂಜಿಗೆ ನಿಮ್ಮನ್ನ ಜುಲುಮಿ ಮಾಡಿ ಕರ್ಕೊಂಡು ಹೋಗತಿದ್ದಾಕಿ ನಾನ ಅಲ್ಲೇನ್ರಿ," ಎಂದಳು.

"ಆತು ಬಿಡ, ಕಡೀಕ ನನ್ನ ಕೂಡ ಮಾತಾಡಿದಿ ಅಲ್ಲ," ಎಂದರು ಅವರು.

ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತ, ನೀವಾದರೂ ಒಲ್ಲೆ ಅನ್ನಬಾರದಿತ್ತೇ ಎಂದು ಆಕೆ ದಾರಿಯುದ್ದಕ್ಕೂ ಬೈದಳು. ಅವರು ದುವಾ ಕೇಳುವವರಂತೆ ತಲೆಬಾಗಿ ಕೇಳುತ್ತ ಹೋದರು.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ದೇವರು ಆರೋಗ್ಯ ಕೊಡಲಿ, ಮನೆಯಲ್ಲಿ ಬೈಯುವವರೊಬ್ಬರನ್ನೂ ಕೊಡಲಿ.