ಸ್ಯಾಕ್ಸೊಫೋನಿಗೆ ಬಿದ್ದ ಭಂಡಾರ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೊರಟ ನಮ್ಮ ಮೋಟಾರಿನ ಟೈರು ಕುಂಭಾರಿಯ ಹತ್ತಿರ ಒಡೆಯಿತು. ಜೊತೆಗಿದ್ದ ಗೋವೆಯ ವಾದ್ಯಗಾರರೊಬ್ಬರು ಬೇವಿನ ನೆರಳಲ್ಲಿ ಕೂತು ಪೆಟ್ಟಿಗೆಯಿಂದ ಸ್ಯಾಕ್ಸೊಫೋನ್ ತೆಗೆದರು. ಸಂಜೆ ಅರಮನೆಯಲ್ಲಿ ಅವರ ಪರೀಕ್ಷೆ. ಮೆಚ್ಚಿದರೆ ಬ್ಯಾಂಡಿನಲ್ಲಿ ನೌಕರಿ.

ಕುರಿ ಮೇಯಿಸುತ್ತಿದ್ದ ಮುದುಕ ಮಾಳಪ್ಪ ಹತ್ತಿರ ಬಂದು, "ಇದನ್ನ ಯಾರು ಮಾಡ್ಯಾರ್ರಿ?" ಎಂದ.

ವಾದ್ಯಗಾರರಿಗೆ ಹುರುಪು ಬಂತು. ಮೈ ಹಿತ್ತಾಳೆಯದಾದರೂ ಸನಾದಿಯ ಹಾಗೆ ಊದುವ ತುದಿಯ ಜೊಂಡಿನ ಸೀಳು ಅದುರಿಯೇ ಇದು ಹಾಡುತ್ತದೆ, ಬೆಲ್ಜಿಯಂ ದೇಶದವನೊಬ್ಬ ಮಾಡಿ ತನ್ನ ಹೆಸರನ್ನೇ ಇಟ್ಟ ಎಂದು ವಿವರಿಸಿದರು.

"ದೇವ್ರ ಹೆಸರು ಬಿಟ್ಟು ತನ್ನ ಹೆಸರು ಇಟ್ಟಾನ? ಅದಕ್ಕ ಸೊಂಡಿ ಡೊಂಕ ಆಗೇತಿ!"

ಡೊಳ್ಳಿಗೆ ಹಾಕುವಂತೆಯೇ ಮಾಳಪ್ಪ ಸೊಂಟದ ಚೀಲದಿಂದ ಮೈಲಾರಲಿಂಗನ ಭಂಡಾರ ತೆಗೆದು, ಒಂದು ಹಿಡಿ ಅರಿಶಿನಪುಡಿಯನ್ನು ವಾದ್ಯದ ಅಗಲ ಬಾಯಿಗೆ ಸುರಿದೇಬಿಟ್ಟ.

ಗಾಬರಿಯಾದ ವಾದ್ಯಗಾರರು ಬಲವಾಗಿ ಊದಿದರು. ಭೋಂ ಎಂದು ಹಳದಿ ಮೋಡವೆದ್ದು ಅವರ ಬಿಳಿ ಕೋಟು, ಮೀಸೆ, ನಾನು ದಿನಚರಿ ಬರೆಯುತ್ತಿದ್ದ ಈ ಹಾಳೆ ಎಲ್ಲವೂ ಅರಿಶಿನವಾದವು.

"ಅಯ್ಯೋ, ಅರಮನೆಗೆ ಹೇಗೆ ಹೋಗಲಿ?" ಎನ್ನುತ್ತ ಅವರು ಕೋಟು ಝಾಡಿಸತೊಡಗಿದರು.

"ಹಿಂಗ ಹೋಗ್ರಿ," ಎಂದ ಮಾಳಪ್ಪ. "ಮೈಲಾರಲಿಂಗನ ಕಡಿಯಿಂದ ಬಂದವ್ರ ಬಾರ್ಸೂದ್ರಾಗ ಯಾರೂ ತಪ್ಪ ಹುಡಕಂಗಿಲ್ಲ."

ಝಾಡಿಸುತ್ತಿದ್ದ ಕೈ ಅಲ್ಲೇ ನಿಂತಿತು.