ಬಿಲ್ಲಿನ ಗ್ರೂಪ್, ರಕ್ತದ ಗ್ರೂಪ್

ಮುರಗೋಡದ ಟೆಂಪೋ ಡ್ರೈವರ್ ಫಕ್ರುಸಾಬರ ಮಗಳು ಮೆಹೆರಾಜ ಹೆದರುವ ಸ್ವಭಾವದವಳಲ್ಲ. ಡಿಪ್ಲೊಮಾ ಮುಗಿಸಿ ೨೦೦೪ರಲ್ಲಿ ಬೈಲಹೊಂಗಲದ ನೀಲಕಂಠ ಎಂಬವರ ಸಣ್ಣ ಸಾಫ್ಟ್‌ವೇರ್ ಆಫೀಸು ಸೇರಿದ್ದಳು. ಅಲ್ಲಿ ಇದ್ದವರೇ ಅವರಿಬ್ಬರು. ಪ್ರೋಗ್ರಾಮ್ ಬರೆಯುವ ಮೊದಲು ಅದರ ನಕ್ಷೆ ತೆಗೆಯುವುದು ಅವಳ ಕೆಲಸ. ರೋಗಿ, ವಾರ್ಡು, ಬಿಲ್ಲು, ಹೀಗೆ ಒಂದೊಂದಕ್ಕೂ ಪರದೆಯ ಮೇಲೆ ಒಂದು ಚೌಕ, ಅದೇ ಕ್ಲಾಸ್. ಒಂದಕ್ಕೊಂದು ಸಂಬಂಧಪಟ್ಟ ಕ್ಲಾಸುಗಳನ್ನು ಒಂದು ಪ್ಯಾಕೇಜಿನಲ್ಲಿಟ್ಟು, ಬೇಕಾದಲ್ಲಿಗೆ ಗೆರೆ ಎಳೆದರೆ ನಕ್ಷೆ ತೆಗೆಯುವ ಆ ಸಾಫ್ಟ್‌ವೇರ್, ಅಂದರೆ ಟೂಲ್, ತಾನೇ ಬಹುಪಾಲು ಪ್ರೋಗ್ರಾಮ್ ಬರೆದುಕೊಡುತ್ತಿತ್ತು.

ಊರಿನದೇ ಒಂದು ಖಾಸಗಿ ದವಾಖಾನೆಗೆ ಅವರು ಮಾಡುತ್ತಿದ್ದ ಪ್ರೋಗ್ರಾಮಿನಲ್ಲಿ ಲ್ಯಾಬಿಗೊಂದು, ಬಿಲ್ಲಿಗೊಂದು ಪ್ಯಾಕೇಜ್. ಎರಡರಲ್ಲೂ ‘ಗ್ರೂಪ್’ ಎಂಬ ಕ್ಲಾಸ್ ಇತ್ತು. ಲ್ಯಾಬಿನದು ರಕ್ತದ ಗುಂಪು. ಬಿಲ್ಲಿನದು ವಾರ್ಡಿನ ದರ್ಜೆ: ಸ್ಪೆಷಲ್ ರೂಮು ಎ, ಜನರಲ್ ವಾರ್ಡು ಬಿ. ಪ್ಯಾಕೇಜಿನ ಹೆಸರನ್ನೂ ಸೇರಿಸಿ ಪೂರ್ತಿ ಹೆಸರು ಕೊಟ್ಟರೆ ತೊಂದರೆಯಿಲ್ಲ. ಬರೀ ‘ಗ್ರೂಪ್’ ಎಂದು ಬಿಟ್ಟರೆ ಟೂಲ್ ತನಗೆ ಮೊದಲು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಿತ್ತು.

ಒಂದು ದಿನ ಬೆಳಿಗ್ಗೆ ನೀಲಕಂಠ ಅವಸರದಲ್ಲಿ, ರೋಗಿಯ ರಕ್ತದ ಗುಂಪು ತೋರಿಸುವ ಲ್ಯಾಬಿನ ಚೀಟಿ ಮುದ್ರಿಸುವ ಹೊಸ ಭಾಗವನ್ನು ದವಾಖಾನೆಯಲ್ಲಿ ಹಾಕಿ ಬಂದರು. ಮಧ್ಯಾಹ್ನ ಮೆಹೆರಾಜ ಅದರ ನಕ್ಷೆ ತೆರೆದು, ಚೀಟಿಯಿಂದ ಹೊರಟ ಗೆರೆ ಮುಟ್ಟಿದ್ದ ‘ಗ್ರೂಪ್’ ಮೇಲೆ ಸುಮ್ಮನೆ ಮೌಸ್ ಒತ್ತಿದಳು. ಪೂರ್ತಿ ಹೆಸರು ಮೂಡಿತು. ಅದು ಬಿಲ್ಲಿನ ಗ್ರೂಪ್.

ಅಂದರೆ ಜನರಲ್ ವಾರ್ಡಿನಲ್ಲಿದ್ದವರೆಲ್ಲರ ಚೀಟಿಯಲ್ಲೂ ರಕ್ತ ಬಿ ಎಂದೇ ಬರುತ್ತದೆ!

“ಸರ್, ಮುಂಜಾನಿಂದ ಯಾರಿಗರೆ ರಕ್ತ ಹಚ್ಚ್ಯಾರೇನ್ರಿ?”

ನೀಲಕಂಠ ಪರದೆ ನೋಡಿದವರೇ ದವಾಖಾನೆಗೆ ಫೋನ್ ಹಚ್ಚಿದರು. ಎಂಗೇಜ್. ಮತ್ತೂ ಎಂಗೇಜ್.

“ನೀವು ಹಚ್ಚಕೋಂತ ಇರ್ರಿ, ನಾ ಹೋಗ್ತೇನಿ,” ಎಂದು ಮೆಹೆರಾಜ ಆಟೋ ಹತ್ತಿದಳು. ಅರಳೆ ಹೇರಿದ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಆಟೋ ನಿಂತುಬಿಟ್ಟಿತು. ಇಳಿದು ಓಡಿದಳು. ತಪ್ಪು ರಕ್ತ ಏರಿದರೆ ಮೈ ನಡುಗಿ, ಕಿಡ್ನಿ ನಿಂತು, ಮನುಷ್ಯ ಸಾಯಬಹುದೆಂದು ಲ್ಯಾಬಿನ ಶಾಂತಾಬಾಯಿ ಹಿಂದೊಮ್ಮೆ ಹೇಳಿದ್ದು ಕಿವಿಯಲ್ಲಿ ಕುಟ್ಟುತ್ತಿತ್ತು.

ಲ್ಯಾಬಿನಲ್ಲಿ ಶಾಂತಾಬಾಯಿ ಗಾಜಿನ ಪಟ್ಟಿಯ ಮೇಲೆ ಬಾಗಿದ್ದರು.

“ಬಾಯಾರ, ಚೀಟಿ ನಂಬಬ್ಯಾಡ್ರಿ! ಗ್ರೂಪ್ ತಪ್ಪೈತಿ!”

“ಅದಕ್ಕ ಹಿಂಗಾಗೈತೇನವಾ!” ಶಾಂತಾಬಾಯಿ ತಲೆ ಎತ್ತಿದರು. “ಚೀಟಿ ನೋಡಿ ಬಿ ಬಾಟ್ಲಿ ತಗದು, ಪೇಷಂಟ್ ರಕ್ತದ ಜೋಡಿ ಎರಡ ಸಲ ಕೂಡಿಸಿ ನೋಡಿದೆ, ರಕ್ತ ಕಾಳಕಾಳ ಆಗಾಕತ್ತೈತಿ. ಬಾಟ್ಲಿನ ಕೆಟ್ಟೈತೇನೋ ಅಂದಕೊಂಡಿದ್ನಿ.”

ರಕ್ತ ಬೇಕಿದ್ದದ್ದು ಜನರಲ್ ವಾರ್ಡಿನಲ್ಲಿದ್ದ ಸಾಲಹಳ್ಳಿಯ ಸೋಮವ್ವನಿಗೆ. ಹೆರಿಗೆಯಾಗಿ ರಕ್ತಸ್ರಾವ ನಿಂತಿರಲಿಲ್ಲ. ಶಾಂತಾಬಾಯಿ ಮೊದಲಿನಿಂದ ಪರೀಕ್ಷೆ ಶುರುಮಾಡಿದರು. ಸೋಮವ್ವನದು ಓ ಗುಂಪು. ಓ ಬಾಟಲಿ ತೆಗೆದು ಅದನ್ನೂ ಕೂಡಿಸಿ ನೋಡಬೇಕಿತ್ತು.

ಹೊರಗೆ ಬಾಗಿಲ ಬಳಿ ಸೋಮವ್ವನ ಅತ್ತೆ ಮೆಹೆರಾಜಳ ಸೆರಗು ಹಿಡಿದಳು. “ಯವ್ವಾ, ರಕ್ತ ಐತಿ ಅಂದ್ರು. ಮತ್ಯಾಕ ಹಚ್ಚವಲ್ರು?”

“ಈಗ ತರ್ತಾರ್ರಿ,” ಎಂದಳು ಮೆಹೆರಾಜ. ವಾರ್ಡಿನಿಂದ ಅಲ್ಲಿಯವರೆಗೆ ಕೇಳುತ್ತಿದ್ದ ಸೋಮವ್ವನ ನರಳಾಟ ಇದ್ದಕ್ಕಿದ್ದಂತೆ ನಿಂತಿತು. ಇಬ್ಬರೂ ವಾರ್ಡಿನ ಕಡೆ ತಿರುಗಿದರು. ಶಾಂತಾಬಾಯಿ ಬಾಟಲಿ ಎದೆಗವಚಿಕೊಂಡು ಅವರನ್ನು ದಾಟಿ ಒಳಗೆ ಓಡಿದರು.

ಸಂಜೆಯ ಹೊತ್ತಿಗೆ ಸೋಮವ್ವ ಕಣ್ಣು ತೆರೆದು ನೀರು ಕೇಳಿದಳು. ಆ ದಿನ ಬೇರೆ ಯಾರಿಗೂ ರಕ್ತ ಕೊಟ್ಟಿರಲಿಲ್ಲ. ಮೆಹೆರಾಜ ಡಾಕ್ಟರ ಮುಂದೆ ನಿಂತು ಆದದ್ದನ್ನೆಲ್ಲ ಹೇಳಿದಳು. ಲ್ಯಾಬಿನಲ್ಲಿ ಕೆಲವು ತಿಂಗಳು ಮತ್ತೆ ಕೈಬರಹದ ಚೀಟಿಗಳೇ ನಡೆದವು.

ಕೆಲಸವನ್ನು ಅವಳು ಬಿಡಲಿಲ್ಲ. ಆದರೆ ಪ್ರತಿ ಗೆರೆಯ ತುದಿಯನ್ನೂ ಒತ್ತಿ ಪೂರ್ತಿ ಹೆಸರನ್ನು ಎರಡೆರಡು ಸಲ ಓದದೆ ಮುಂದೆ ಹೋಗಲು ಅಂಜುತ್ತಿದ್ದಳು. ಒಮ್ಮೆ ಅದೇ ದವಾಖಾನೆಯಲ್ಲಿ ಸೋಮವ್ವ ಕೂಸಿಗೆ ಸೂಜಿ ಹಾಕಿಸಲು ಬಂದು ಕುಳಿತಿದ್ದಳು. ಮಾತಾಡಿಸಬೇಕೆಂದು ಹತ್ತಿರ ಹೋದ ಮೆಹೆರಾಜ ಧೈರ್ಯ ಸಾಲದೆ, ಕೂಸಿನ ಕಡೆಗೊಮ್ಮೆ ನೋಡಿ ಹೊರಗೆ ಬಂದುಬಿಟ್ಟಳು.