ಪುಸ್ತಿಕೆಯ ತುಂಬ ಜೊನೆಲ್

ಬ್ರೂಕ್ಲಿನ್ನಿನಲ್ಲಿ ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದ ಅಜ್ಜಿ ವರ್ಡೆಲ್ ಪೆಟ್‌ವೇಗೆ ಆ ಬೀದಿಗಳ ಒಂದೊಂದು ಗುಂಡಿಯೂ ಗೊತ್ತಿತ್ತು. ಗೊತ್ತಿಲ್ಲದೆ ಉಳಿದದ್ದು ಒಂದು ಪರೀಕ್ಷೆಯ ಸಂಗತಿ. ನಗರದ ಅತಿ ಹೆಸರಾಂತ ಸರ್ಕಾರಿ ಹೈಸ್ಕೂಲಿಗೆ ಸೇರಬೇಕಾದರೆ ಎಂಟನೇ ತರಗತಿಯಲ್ಲಿ ಅದನ್ನು ಬರೆಯಬೇಕಂತೆ. ಮೊಮ್ಮಗಳು ಜೊನೆಲ್ ಓದುತ್ತಿದ್ದ ಶಾಲೆಯಲ್ಲಿ ಯಾರೂ ಈ ಬಗ್ಗೆ ತುಟಿ ಬಿಚ್ಚಿರಲಿಲ್ಲ. ವರ್ಡೆಲ್‌ಗೆ ಅದು ತಿಳಿದದ್ದು ತನ್ನ ಬಸ್ಸಿನಲ್ಲೇ, ಮುಂದಿನ ಸೀಟಿನಲ್ಲಿ ಮಗನಿಗೆ ಲೆಕ್ಕ ಹೇಳಿಕೊಡುತ್ತಿದ್ದ ಮಿಸೆಸ್ ಲಮ್ ಎಂಬ ಪರಿಚಯದ ಚೀನೀ ತಾಯಿಯಿಂದ.

"ಏನಮ್ಮಾ, ಬಸ್ಸಲ್ಲೂ ಮಗೂನ ಬಿಡಲ್ವಾ?"

"ಪರೀಕ್ಷೆ ಇದೆಯಲ್ಲಕ್ಕಾ! ಮೂರನೇ ಕ್ಲಾಸಿಂದ ಕೋಚಿಂಗು. ನಿಮ್ಮ ಹುಡುಗೀಗೆ ಯಾವಾಗ ಶುರು ಮಾಡಿದ್ರಿ?"

"ಮುಂದಿನ ಸ್ಟಾಪಿಂದ," ಎಂದಳು ವರ್ಡೆಲ್.

ಆಗ ಜೊನೆಲ್ ಆರನೇ ತರಗತಿ. ಮಿಸೆಸ್ ಲಮ್ ಕೊಟ್ಟ ಹಳೆಯ ಪುಸ್ತಕಗಳನ್ನು ಎರಡು ವರ್ಷ ಅಜ್ಜಿ ಮೊಮ್ಮಗಳು ಸೇರಿ ಅರೆದು ಕುಡಿದರು. ಜೊನೆಲ್ ಪಾಸಾದಳು. ಆ ಸಾಲಿಗೆ ಆಯ್ಕೆಯಾದ ಎಂಟುನೂರು ಮಕ್ಕಳಲ್ಲಿ ಕಪ್ಪು ಮಕ್ಕಳು ಜೊನೆಲ್ ಸೇರಿ ಒಂಬತ್ತು. ಪತ್ರಿಕೆಗಳು ಬಾಯಿ ಬಾಯಿ ಬಡಿದುಕೊಂಡವು. ಅಧಿಕಾರಿಗಳು ತೀವ್ರ ಕಳವಳ ವ್ಯಕ್ತಪಡಿಸಿ ಒಂದು ಸಮಿತಿ ನೇಮಿಸಿದರು. ಹಿಂದಿನ ವರ್ಷದ ಸಮಿತಿ ಇನ್ನೂ ಕಾಫಿ ಕುಡಿಯುತ್ತಲೇ ಇತ್ತು.

ಹೈಸ್ಕೂಲಿನ ಪ್ರಿನ್ಸಿಪಾಲ್ ವಿಟ್‌ಕೋಂಬ್ ಮಾತ್ರ ಕೈಕಟ್ಟಿ ಕೂರಲಿಲ್ಲ, ಫೋಟೋಗ್ರಾಫರನ್ನು ಕರೆಸಿದರು. ಪ್ರಯೋಗಾಲಯದಲ್ಲಿ ಜೊನೆಲ್, ಪಿಟೀಲು ಹಿಡಿದ ಜೊನೆಲ್, ಯಾವತ್ತೂ ಮುಟ್ಟದ ಕತ್ತಿವರಸೆಯ ಕತ್ತಿಯನ್ನು ಝಳಪಿಸುತ್ತಿರುವ ಜೊನೆಲ್. ಶಾಲೆಯ ಪ್ರಚಾರ ಪುಸ್ತಿಕೆ ನೋಡಿದವರಿಗೆ ಅಲ್ಲಿ ಕಪ್ಪು ಮಕ್ಕಳೇ ತುಂಬಿ ಕಾಲಿಡಲು ಜಾಗವಿಲ್ಲ ಅನ್ನಿಸಬೇಕು. ಪ್ರತಿ ಸಲವೂ ಅವಳನ್ನು ಕರೆಯುತ್ತಿದ್ದದ್ದು ಗಣಿತದ ಪೀರಿಯಡ್ಡಿನಲ್ಲಿ. ಗಣಿತದಲ್ಲಿ ಅಂಕ ಇಳಿಯಿತು. "ವಿಶೇಷ ನೆರವು ಅಗತ್ಯ" ಎಂದು ಮನೆಗೆ ಪತ್ರ ಬಂತು.

ಮರುದಿನವೇ ವರ್ಡೆಲ್ ಬಸ್ಸಿನ ಯೂನಿಫಾರ್ಮಿನಲ್ಲೇ ಶಾಲೆಗೆ ನುಗ್ಗಿದಳು. ಪ್ರಿನ್ಸಿಪಾಲರ ಮುಖ ಅರಳಿತು.

"ಎಂಥ ಯೂನಿಫಾರ್ಮು ಮೇಡಂ! ಮೊಮ್ಮಗಳ ಜೊತೆ ಒಂದು ಫೋಟೋ?"

"ಆಗ್ಲಿ ಸಾರ್. ಆದ್ರೆ ನಾವಿಬ್ರೇ ಯಾಕೆ? ಅವಳ ಸಾಲಿನ ಎಂಟುನೂರು ಮಕ್ಕಳನ್ನೂ ಮೆಟ್ಟಿಲ ಮೇಲೆ ನಿಲ್ಸಿ. ಒಂದೇ ಫೋಟೋ. ಅದನ್ನೇ ಮುಖಪುಟಕ್ಕೆ ಹಾಕಿ."

ವಿಟ್‌ಕೋಂಬ್ ಕೆಮ್ಮಿದರು. "ಅದು... ಬೆಳಕು ಸರಿಯಾಗಿ ಬರಲ್ಲ ಮೇಡಂ."

"ಬೆಳಕು ಸರಿಯಾಗೇ ಬೀಳತ್ತೆ ಸಾರ್. ನಿಮ್ಮ ಭಯ ಅದೇ ತಾನೇ?"

ಆಮೇಲೆ ಜೊನೆಲ್‌ಳನ್ನು ಗಣಿತದ ಪೀರಿಯಡ್ಡಿನಲ್ಲಿ ಯಾರೂ ಕರೆಯಲಿಲ್ಲ. ಕ್ಯಾಮೆರಾ ಬೇರೊಬ್ಬ ಕಪ್ಪು ಹುಡುಗಿಯ ಕಡೆ ತಿರುಗಿತು. ಅವಳ ತಾಯಿಗೂ ವರ್ಡೆಲ್ ಫೋನು ಮಾಡಿ ಎಚ್ಚರಿಸಿದಳು.

ಅಲ್ಲಿಗೆ ಬಿಡಲಿಲ್ಲ. ರಜೆಯ ದಿನಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಕೇರಿಯ ಮಕ್ಕಳಿಗೆ ಆ ಪರೀಕ್ಷೆಯ ಪಾಠ ಶುರುಮಾಡಿದಳು. ಲೆಕ್ಕ ಜೊನೆಲ್‌ಳದು, ಶಿಸ್ತು ಅಜ್ಜಿಯದು. ಮೊದಲ ವರ್ಷ ಹತ್ತೊಂಬತ್ತು ಮಕ್ಕಳು ಪರೀಕ್ಷೆ ಬರೆದರು, ಇಬ್ಬರು ಪಾಸಾದರು. ಕೇಕು ತಂದ ನೆರೆಯವರು ಆ ಇಬ್ಬರನ್ನೇ ಸುತ್ತಿಕೊಂಡರು. ಉಳಿದ ಹದಿನೇಳು ಮಕ್ಕಳು ಗೋಡೆಗೆ ಒರಗಿ ತಮ್ಮ ಬೂಟುಗಳನ್ನೇ ನೋಡುತ್ತಿದ್ದರು.

ವರ್ಡೆಲ್ ಕೇಕನ್ನು ಅವರತ್ತ ಒಯ್ದಳು. "ತಲೆ ಎತ್ರೋ! ಒಂದು ಬೆಳಗ್ಗೆ ಬರೆದ ಮೂರು ಗಂಟೆಯ ಪರೀಕ್ಷೆ ಹತ್ರ ನಿಮ್ಮ ತಲೆ ಅಳೆಯೋಷ್ಟು ಉದ್ದದ ಟೇಪು ಇಲ್ಲ," ಎಂದು ಗದರಿಸಿ, ದೊಡ್ಡ ದೊಡ್ಡ ತುಂಡುಗಳನ್ನು ಕತ್ತರಿಸಿ ಕೊಟ್ಟಳು.